ಒಂದೊಂದಾಗಿ ಬಂದ ಅಚ್ಚುಗಳು

ಜುಲೈ ೨೧, ಭಾನುವಾರ ಸಂಜೆ

ನಮ್ಮನೆಯವರಿಗೆ,

ಮನೆ ಬೇರೆಯಾಗಿ ಇಷ್ಟು ದಿನವಾದರೂ ನಿಮ್ಮನ್ನು ಕರೆಯಲು ನನಗೆ ತೋಚುವುದು ಇದೊಂದೇ ಮಾತು. ಹೀಗೆ ಬರೆದಳೆಂದು ಮನಸ್ಸಿನಲ್ಲೇ ಮಂಡಿಗೆ ತಿನ್ನುತ್ತಾ ಕೂರಬೇಡಿ.

ಇವತ್ತು ನಾನು ಬರಲಿಲ್ಲ. ನೀವು ಫೋನ್ ಮೇಲೆ ಫೋನ್ ಮಾಡಿದಿರಿ, ನಾನು ಎತ್ತಲಿಲ್ಲ. ಎತ್ತಿದ್ದರೂ ಮಾತು ಹೊರಡುತ್ತಿರಲಿಲ್ಲ. ಕೆಳಗಿನ ಒಸಡು ಊದಿ ತುಟಿ ದಪ್ಪಗಾಗಿದೆ, ಹಲ್ಲಿನ ಡಾಕ್ಟರಮ್ಮ ಸ್ವಲ್ಪ ದಿನ ಬಾಯಿಗೆ ಕೆಲಸ ಕೊಡಬೇಡಿ ಎಂದಿದ್ದಾರೆ. ಗಾಬರಿಯಾಗಬೇಡಿ, ಓಡಿಯೂ ಬರಬೇಡಿ. ಒಂದು ಹಲ್ಲು ಅಲುಗಾಡುತ್ತಿದೆ. ಉಳಿಯುತ್ತದೋ ಉದುರುತ್ತದೋ ಈಗಲೇ ಹೇಳಲಾಗದಂತೆ.

ಮೊದಲು ಕೆಲಸದ ಮಾತು ಬರೆದುಬಿಡುತ್ತೇನೆ, ಆಮೇಲೆ ಧೈರ್ಯ ಬರುತ್ತದೋ ಇಲ್ಲವೋ. ನಿಮ್ಮ ಮೇಜಿನ ಕೆಳಗಿನ ಡ್ರಾಯರಿನಲ್ಲಿ, ಹಳೆಯ ಟವೆಲ್ಲಿನ ಅಡಿಯಲ್ಲಿ ಒಂದು ರಟ್ಟಿನ ಪೆಟ್ಟಿಗೆ ಇದೆಯಲ್ಲ, ಅದನ್ನು ನಿಮ್ಮಕ್ಕನ ಕೈಲಿ ಕಳಿಸಿಕೊಡಿ. ಇದ್ದ ಹಾಗೇ, ಎಲ್ಲವನ್ನೂ. ಡಾಕ್ಟರಮ್ಮ ಕೇಳುತ್ತಿದ್ದಾರೆ.

ಹೌದು, ನನಗೆ ಗೊತ್ತು. ಮೊದಲಿನಿಂದಲೂ ಗೊತ್ತಿತ್ತು.

ನಾನು ಹೊರಡುವ ಹಿಂದಿನ ವಾರ ಬಾಯಿಯ ಅಳತೆ ಕೊಟ್ಟು ಬಂದಿದ್ದೆನಲ್ಲ, ತಂತಿ ಬೇಡ, ಕಣ್ಣಿಗೆ ಕಾಣದ ಪ್ಲಾಸ್ಟಿಕ್ಕಿನ ಅಲೈನರ್ ಸಾಕು ಎಂದು. ಹಲ್ಲಿನ ಮೇಲೆ ಹೊದಿಕೆಯ ಹಾಗೆ ಕೂರುತ್ತದೆ, ಒಂದಕ್ಕಿಂತ ಮುಂದಿನದು ಕೂದಲೆಳೆಯಷ್ಟು ನೇರ, ಹದಿನೈದು ದಿನಕ್ಕೊಮ್ಮೆ ಬದಲಿಸಬೇಕು ಎಂದು ವಿವರಿಸಿದಾಗ ನೀವು, "ಓ, ಅಚ್ಚು!" ಎಂದಿರಿ. ಅಷ್ಟು ವರ್ಷ ಪ್ರೆಸ್ಸಿನಲ್ಲಿ ದುಡಿದವರ ಬಾಯಲ್ಲಿ ಬೇರೇನು ಬಂದೀತು. ಅಂದಿನಿಂದ ನನಗೂ ಅದು ಅಚ್ಚೇ. ಆಮೇಲೆ ನಾನು ಪೆಟ್ಟಿಗೆ ಕಟ್ಟಿಕೊಂಡು ಈ ಕೋಣೆಗೆ ಬಂದೆ, ಅಚ್ಚುಗಳು ಹಳೆಯ ವಿಳಾಸಕ್ಕೇ ಬಂದವು. ನೀವು ಫೋನ್ ಮಾಡಿ, "ನಿಂದೇನೋ ಬಂದಿದೆ, ಒಂದೇ ಒಂದು ಜೊತೆ ಇದೆ. ಉಳಿದಿದ್ದು ಆಗಾಗ ಕಳಿಸ್ತಾರಂತೆ" ಎಂದಿರಿ. ಅಚ್ಚು ತಯಾರಿಸಿದವರು ಅದರ ಹಿಂದಿನ ದಿನವೇ ನನಗೆ ಫೋನ್ ಮಾಡಿ, ಪೂರ್ತಿ ಸೆಟ್ ತಲುಪಿತಲ್ಲವೇ ಮೇಡಂ ಎಂದು ವಿಚಾರಿಸಿದ್ದರು. ನಾನು ಹೂಂ ಎಂದಿದ್ದೆ. ನಿಮಗೂ ಹೂಂ ಎಂದೆ.

ಯಾಕೆ ಎಂದು ಕೇಳಬೇಡಿ. ಅವತ್ತು ಒಂದು ಜೊತೆಗಾಗಿ ಬಂದು ಹೋಗುವುದು ಸುಲಭ ಅನ್ನಿಸಿತು. ಪೂರ್ತಿ ಪೆಟ್ಟಿಗೆ ಕೊಟ್ಟಿದ್ದರೆ ಬಾಗಿಲಲ್ಲೇ ಇಸಿದುಕೊಂಡು ತಿರುಗುತ್ತಿದ್ದೆ, ಅಲ್ಲಿಗೆ ಮುಗಿಯುತ್ತಿತ್ತು. ಮುಗಿಯಲೆಂದೇ ಹೊರಟವಳಿಗೆ ಅದು ಮುಗಿಯುವುದು ಬೇಡವಾಗಿತ್ತು.

ನಿಮಗೆ ಸುಳ್ಳು ಹೇಳಲಿಕ್ಕೂ ಸರಿಯಾಗಿ ಬರುವುದಿಲ್ಲ ಮಾರಾಯರೇ. ಭಾನುವಾರದ ದಿನ, "ಕೊರಿಯರ್‌ನವನು ಈಗಷ್ಟೇ ಕೊಟ್ಟು ಹೋದ" ಎನ್ನುತ್ತೀರಿ. ಹನಿ ಮಳೆಯಿಲ್ಲದ ವಾರದಲ್ಲಿ, ಮಳೆಗೆ ಗಾಡಿ ನಿಂತುಬಿಟ್ಟಿತ್ತಂತೆ ಎನ್ನುತ್ತೀರಿ. ಲಕೋಟೆಯ ಮೇಲಿನ ತಾರೀಖು ಕಂಡೀತೆಂದು ಅಚ್ಚನ್ನು ಬಿಡಿಸಿ ಸೋಪಿನ ಡಬ್ಬಿಯಲ್ಲಿ ಹಾಕಿ ಕೊಡುತ್ತೀರಿ. ನಾನೂ ಮುಖ ಗಂಟಿಕ್ಕಿಕೊಂಡು, "ಏನು ಕಂಪನಿಯೋ, ಒಟ್ಟಿಗೆ ಕಳಿಸೋಕೇನು ರೋಗ" ಎಂದು ಬೈಯುತ್ತಿದ್ದೆ. ನೀವು ತಲೆ ಆಡಿಸುತ್ತಿದ್ದಿರಿ. ಒಮ್ಮೆ ನೀವು ಹಾಲು ತರಲು ಕೆಳಗೆ ಹೋದಾಗ ಕತ್ತರಿ ಹುಡುಕಿ ಡ್ರಾಯರ್ ಎಳೆದೆ. ಪೆಟ್ಟಿಗೆಯೊಳಗೆ ಅಚ್ಚುಗಳೆಲ್ಲ ಸಾಲಾಗಿ ನಿಂತಿದ್ದವು, ನನ್ನ ಮುಂದಿನ ನಗುವೆಲ್ಲ ನಿಮ್ಮ ಟವೆಲ್ಲಿನ ಕೆಳಗೆ. ಮೆಲ್ಲಗೆ ಮುಚ್ಚಿದೆ. ನೀವು ಬಂದಾಗ ಕತ್ತರಿ ಎಲ್ಲಿ ಎಂದೂ ಕೇಳಲಿಲ್ಲ.

ಆ ಭಾನುವಾರಗಳ ಬಗ್ಗೆ ಬರೆಯಬಾರದೆಂದುಕೊಂಡಿದ್ದೆ. ಆದರೂ ಬರೆಯುತ್ತೇನೆ. ಚಹಾ ಕುಡಿಯಬೇಕಾದರೆ ಅಚ್ಚು ತೆಗೆಯಬೇಕು, ತೆಗೆಯುವುದು ನೋಡಲು ಚೆಂದವಲ್ಲ, ಎಂಜಲು, ಎಳೆದಾಟ. ನಾನು ಕೆಲಸ ಮಾಡುವ ಕನ್ನಡಕದ ಅಂಗಡಿಯಲ್ಲಿ ಚಹಾ ಬಂದರೆ ನನಗೆ ಬೇಡ ಎಂದುಬಿಡುತ್ತೇನೆ. ನಿಮ್ಮ ಮುಂದೆ ಮಾತ್ರ ಗೋಡೆ ಕಡೆ ತಿರುಗಿ ತೆಗೆಯುತ್ತಿದ್ದೆ. ನೀವು ಕಿಟಕಿಯ ಹೊರಗೆ ಏನೋ ಮಹಾ ನಡೆಯುತ್ತಿರುವ ಹಾಗೆ ನೋಡುತ್ತಾ ಒಂದು ಬಟ್ಟಲು ಬಿಸಿನೀರು ನನ್ನ ಕಡೆ ಸರಿಸುತ್ತಿದ್ದಿರಿ. ಹೊಸದು ಹಾಕಿಕೊಂಡ ಮೇಲೆ, "ಎಲ್ಲಿ ತೋರಿಸು" ಎನ್ನುತ್ತಿದ್ದಿರಿ. ತೋರಿಸುತ್ತಿದ್ದೆ. ಚಿಕ್ಕಂದಿನಿಂದ ಬಾಯಿಗೆ ಕೈ ಅಡ್ಡ ಇಟ್ಟೇ ನಕ್ಕವಳು ನಾನು, ನಿಮಗೂ ಗೊತ್ತು. ನಿಮ್ಮ ಮುಂದೆ ಕೈ ಇಡದೆ ಹಲ್ಲು ತೋರಿಸಿದ್ದು ಮದುವೆಯಾಗಿ ಇಷ್ಟು ಕಾಲವಾದ ಮೇಲೆ, ಅದೂ ಮನೆ ಬಿಟ್ಟ ಮೇಲೆ.

ಮನೆ ಯಾಕೆ ಬಿಟ್ಟೆನೆಂಬುದನ್ನು ನಾನು ಮರೆತಿಲ್ಲ. ಪ್ರೆಸ್ಸಿನವರು ನಿಮ್ಮನ್ನು ಕೆಲಸದಿಂದ ತೆಗೆದದ್ದಕ್ಕೆ ಬಿಡಲಿಲ್ಲ, ಅದನ್ನು ಇಡೀ ಊರಿಗೆ ಬೇಕಾದರೂ ಹೇಳುತ್ತೇನೆ. ನಾನು ದಿನಾ ಕಟ್ಟಿಕೊಟ್ಟ ಬುತ್ತಿ ಹಿಡಿದು ನೀವು ಗ್ರಂಥಾಲಯದ ಬೆಂಚಿನಲ್ಲಿ ತಿಂಗಳುಗಟ್ಟಲೆ ಕೂತಿರಿ. ಅದನ್ನೂ ಹೊಟ್ಟೆಗೆ ಹಾಕಿಕೊಳ್ಳುತ್ತಿದ್ದೆನೇನೋ. ಆದರೆ ಸಂಜೆ ಬಂದು ಕಥೆ ಹೇಳುತ್ತಿದ್ದಿರಿ. ಮಷೀನು ಕಾಗದ ನುಂಗಿತು, ಸೂಪರ್‌ವೈಸರ್ ಶಾಯಿಯ ಡಬ್ಬಿಗೆ ಕೈ ಅದ್ದಿಕೊಂಡು ಕುಣಿದ. ನಾನು ಹೊಟ್ಟೆ ಹಿಡಿದುಕೊಂಡು ನಕ್ಕೆ. ಛತ್ರಿ ಮರೆತು ಹೋದಿರೆಂದು ಕೊಡಲು ಪ್ರೆಸ್ಸಿಗೆ ಹೋದಾಗ ವಾಚ್‌ಮನ್, "ಅವರು ಈಗ ಬರೋದಿಲ್ವಲ್ಲಮ್ಮಾ" ಎಂದ. ಆ ಗೇಟಿನ ಮುಂದೆ ಛತ್ರಿ ಹಿಡಿದು ನಿಂತವಳಿಗೆ ನೆನಪಾದದ್ದು ನಾನು ನಕ್ಕ ನಗು. ಇಲ್ಲದ ಶಾಯಿಗೆ, ಇಲ್ಲದ ಕುಣಿತಕ್ಕೆ ನಕ್ಕಿದ್ದೆ. ನಿನಗೆ ನೋವಾಗಬಾರದೆಂದು ಹೇಳಲಿಲ್ಲ ಎಂದಿರಿ ನೀವು. ಅದೇ ನನಗೆ ತಡೆಯಲಾಗಲಿಲ್ಲ.

ಈಗ ಹಲ್ಲಿನ ವಿಷಯ. ಹೋದ ಸಲ ನೀವು ಕೊಟ್ಟ ಅಚ್ಚು ಸರದಿಯದ್ದಲ್ಲ. ಮೂರು ಮೆಟ್ಟಿಲು ಮುಂದಿನದು. ಅಂಚಿನಲ್ಲಿ ಇರುವೆಯಷ್ಟು ಗಾತ್ರದ ಅಂಕಿ ಇರುತ್ತದೆ, ಲಕೋಟೆಯಿಂದ ಬಿಡಿಸಿದ ಮೇಲೆ ಅದನ್ನು ನೋಡಿಯೇ ಗುರುತು ಹಿಡಿಯಬೇಕು. ನಿಮಗೆ ಹತ್ತಿರದ್ದು ಕಾಣುವುದಿಲ್ಲ, ಕನ್ನಡಕ ಮಾಡಿಸಿಕೊಳ್ಳಿ ಎಂದು ಬಾಯಿ ನೋಯುವಷ್ಟು ಹೇಳಿದೆ. ಕನ್ನಡಕ ಮಾರುವವಳ ಗಂಡ, ಕೇಳಿದರೆ, "ನನಗೆಲ್ಲಾ ಚೆನ್ನಾಗೇ ಕಾಣುತ್ತೆ ಬಿಡೇ." ಡಬ್ಬಿ ತೆರೆದ ಕೂಡಲೇ ನನಗೆ ಅಂಕಿ ಕಂಡಿತು. ಇದಲ್ಲ ಎಂದು ಹೇಳಲು ಬಾಯಿ ತೆರೆದೆ. ಹೇಳಿದ್ದರೆ ನೀವೇನು ಮಾಡುತ್ತಿದ್ದಿರಿ? ಸರಿಯಾದದ್ದು ಆ ಡ್ರಾಯರಿನಲ್ಲಿತ್ತು, ನನ್ನ ಕಣ್ಣೆದುರೇ ತೆಗೆಯಬೇಕಿತ್ತು. ನೀವು ಸಿಕ್ಕಿಬೀಳುತ್ತಿದ್ದಿರಿ, ನಾನೂ. ನೀವು ಬಿಸಿನೀರಿನ ಬಟ್ಟಲು ಸರಿಸಿ, "ಎಲ್ಲಿ ತೋರಿಸು" ಎಂದು ಕಾದಿದ್ದಿರಿ.

ಒತ್ತಿ ಹಾಕಿಕೊಂಡೆ. ಕಣ್ಣಲ್ಲಿ ನೀರು ಬಂತು. ನೀವು, "ನೋವಾ?" ಎಂದಿರಿ. "ಹೊಸದಲ್ವಾ, ಹಾಗೇ" ಎಂದೆ.

ಕೋಣೆಗೆ ಬಂದು ತೆಗೆದು ಹಳೆಯದನ್ನೇ ಹಾಕಿಕೊಳ್ಳಬಹುದಿತ್ತಲ್ಲ ಎನ್ನುತ್ತೀರಿ. ಹಾಕಿಕೊಂಡೆ ಕೂಡ. ಆದರೆ ಮುಂದಿನ ಸಲ ನೀವು ಇನ್ನೂ ಮುಂದಿನದನ್ನು ಕೊಡುತ್ತೀರಿ, ಅದು ಹಲ್ಲಿಗೆ ಹತ್ತುವುದೇ ಇಲ್ಲ, ಆಗ ಎಲ್ಲ ಬಯಲಾಗುತ್ತದೆ ಎಂದು ಹೆದರಿಕೆಯಾಯಿತು. ಹೇಗಾದರೂ ಹಲ್ಲನ್ನೇ ಅಚ್ಚಿಗೆ ತಕ್ಕ ಹಾಗೆ ತಂದುಬಿಡೋಣ ಎಂದು ಹಟ ಹಿಡಿದೆ. ಟವೆಲ್ ಕಚ್ಚಿಕೊಂಡು ಒತ್ತಿದೆ. ಅಂಗಡಿಯಲ್ಲಿ ಗಿರಾಕಿಗಳಿಗೆ ಅಕ್ಷರದ ಬೋರ್ಡು ತೋರಿಸಿ ಓದಿ ಎನ್ನಲಿಕ್ಕೂ ಮಾತು ತೊದಲುತ್ತಿತ್ತು. ಮೊನ್ನೆ ರಕ್ತ ಬಂದಾಗ ಡಾಕ್ಟರಮ್ಮನ ಹತ್ತಿರ ಹೋದೆ.

ಅವರು ಅಂಕಿ ನೋಡಿ ಹೌಹಾರಿದರು. "ಯಾರ್ರೀ ಕೊಟ್ಟಿದ್ದು ಇದನ್ನ?" ಎಂದರು. ನಾನೇ ಅವಸರಪಟ್ಟು ಹಾಕಿಕೊಂಡೆ, ಬೇಗ ಮುಗಿಯಲಿ ಅಂತ, ಎಂದೆ. "ಮಕ್ಕಳು ಕೂಡ ಹೀಗೆ ಮಾಡಲ್ಲ! ಉಳಿದಿದ್ದೆಲ್ಲ ಎಲ್ಲಿದೆ?" ಎಂದರು. ಮನೆಯಲ್ಲಿದೆ ಎಂದೆ. ಯಾವ ಮನೆ ಎಂದು ಅವರು ಕೇಳಲಿಲ್ಲ, ಪುಣ್ಯ.

ಅವರ ಕುರ್ಚಿಯಲ್ಲಿ ಬಾಯಿ ತೆರೆದುಕೊಂಡು ಮಲಗಿರುವಾಗ ನನಗೆ ನನ್ನ ಮೇಲೇ ಅಸಹ್ಯವಾಯಿತು. ನಿಮ್ಮ ಸುಳ್ಳನ್ನು ಸಹಿಸಲಾರದೆ ಹೊರಬಂದವಳು ನಾನು. ಈಗ ಅಂಥದೇ ಒಂದು ಸುಳ್ಳನ್ನು ಕಾಪಾಡಲು ಹಲ್ಲು ಕಳೆದುಕೊಳ್ಳಲು ಹೊರಟಿದ್ದೇನೆ. ನಿಮ್ಮನ್ನು ಬೈಯೋಣವೆಂದರೆ ಯಾವ ಮುಖ ಇಟ್ಟುಕೊಂಡು ಬೈಯಲಿ? ನಿಮ್ಮ ಜೊತೆ ಇರಲಾರೆ. ನಾನು ಮರಳಿದರೆ ಮೊದಲ ದಿನವೇ ನೀವು, ಈಗ ಸೇರಿಕೊಂಡಿರುವ ಬೈಂಡಿಂಗ್ ಅಂಗಡಿಯಿಂದ ಬಂದು, ಇವತ್ತು ಅಲ್ಲಿ ಹೀಗಾಯಿತು ಹಾಗಾಯಿತು ಎನ್ನುತ್ತೀರಿ, ನಾನು ನಿಜವೋ ಸುಳ್ಳೋ ಎಂದು ನಿಮ್ಮ ಉಗುರಿನಲ್ಲಿ ಗೋಂದು ಹುಡುಕುತ್ತೇನೆ. ಅಂಥ ಬಾಳು ಯಾರಿಗೂ ಬೇಡ. ಬರದೇ ಇರಲೂ ಆಗುತ್ತಿಲ್ಲ. ಇವತ್ತು ಸಂಜೆ ಸೀರೆ ಉಟ್ಟು, ಕೂತು, ಮತ್ತೆ ಬದಲಿಸಿದೆ. ನನಗೆ ದಿಕ್ಕೇ ತೋಚುತ್ತಿಲ್ಲ. ಇಷ್ಟನ್ನು ಅಮ್ಮನಿಗೆ ಹೇಳಲಾರೆ, ನಿಮ್ಮಕ್ಕನಿಗೆ ಹೇಳಲಾರೆ. ಹೇಳಿಕೊಳ್ಳೋಣವೆಂದರೆ ಇರುವವರು ನೀವೊಬ್ಬರೇ, ಇದೆಂಥ ಕರ್ಮ ನೋಡಿ.

ನಿಮ್ಮ ತಪ್ಪಿನಿಂದ ಹೀಗಾಯಿತೆಂದು ಊಟ ಬಿಟ್ಟು ಕೂರಬೇಡಿ. ನೀವು ತಪ್ಪು ಅಚ್ಚು ಕೊಟ್ಟಿರಿ, ಗೊತ್ತಿದ್ದೂ ಹಾಕಿಕೊಂಡವಳು ನಾನು. ಪೆಟ್ಟಿಗೆ ಮಾತ್ರ ತಪ್ಪದೆ ಕಳಿಸಿ, ನೀವೇ ತರಬೇಡಿ. ನಿಮ್ಮ ಮುಖ ನೋಡಿದರೆ ಇದೆಲ್ಲ ಬರೆದದ್ದು ವ್ಯರ್ಥವಾಗುತ್ತದೆ. ಇನ್ನು ಭಾನುವಾರ ನನಗಾಗಿ ಹೆಚ್ಚಿಗೆ ಹಾಲು ತರಬೇಡಿ. ಬರಲು ನನ್ನ ಹತ್ತಿರ ಈಗ ಯಾವ ಕಾರಣವೂ ಉಳಿದಿಲ್ಲ.

ಇಂತಿ,
ಕನ್ನಡಕದ ಅಂಗಡಿಯವಳು

ಮರೆತಿದ್ದೆ: ಊತ ಇಳಿದ ಮೇಲೆ ಡಾಕ್ಟರಮ್ಮ ಮತ್ತೆ ಅಳತೆ ತೆಗೆದು ಹೊಸ ಅಚ್ಚು ಮಾಡಿಸುತ್ತಾರಂತೆ. ನನ್ನಂಥವರ ಕೈಗೆ ಪೂರ್ತಿ ಸೆಟ್ ಕೊಡುವುದು ಅಪಾಯವೆಂದು, ಈ ಸಲ ಒಂದೊಂದು ಜೊತೆಯನ್ನೇ ಕಳಿಸುವ ಹಾಗೆ ಬರೆಸಿದ್ದಾರೆ. ಯಾವ ವಿಳಾಸಕ್ಕೆ ಎಂದು ಕೇಳಿದರು. ನಾನು ಈ ಕೋಣೆಯ ವಿಳಾಸ ಹೇಳಬೇಕೆಂದೇ ಬಾಯಿ ತೆರೆದದ್ದು. ನಿಮ್ಮದನ್ನು ಹೇಳಿ ಬಂದಿದ್ದೇನೆ.