ಗೊಣಗಣ್ಣನ ಸಹಿ

ಟಿವಿ ಕೇಂದ್ರದ ದಾಖಲೆ ಸಂಗ್ರಹದ ಮುಖ್ಯಾಧಿಕಾರಿಗಳಿಗೆ,

ಮಾನ್ಯರೇ, ತಾವು ಒಂದು ಕತ್ತೆಯ ಸಹಿ ಕೇಳಿದ್ದೀರಿ. ತಮಾಷೆಗೆ ಹೇಳುತ್ತಿಲ್ಲ, ತಮ್ಮ ಕಚೇರಿಯ ಮೊಹರು ಬಿದ್ದ ಪತ್ರ ನನ್ನ ಹೊಲಿಗೆ ಯಂತ್ರದ ಮೇಲೆ, ಕತ್ತರಿಯ ಕೆಳಗೆ ಇದೆ. "ಸದರಿ ಮಕ್ಕಳ ಕಾರ್ಯಕ್ರಮದ ಟೇಪಿನ ಪ್ರತಿಯನ್ನು ನಿರೂಪಕರಿಗೆ ಮಾತ್ರ ನೀಡಲು ಅವಕಾಶವಿರುವುದರಿಂದ, ನಿರೂಪಕರಾದ ಶ್ರೀ ಗೊಣಗಣ್ಣ ಅವರ ಸಹಿಯುಳ್ಳ ಅರ್ಜಿಯನ್ನು, ಅವರು ನಿಧನರಾಗಿದ್ದಲ್ಲಿ ಮರಣ ಪ್ರಮಾಣಪತ್ರವನ್ನು ಸಲ್ಲಿಸತಕ್ಕದ್ದು." ಹಳೆಯ ಟೇಪುಗಳನ್ನೆಲ್ಲ ಈ ತಿಂಗಳ ಕೊನೆಗೆ ವಿಲೇವಾರಿ ಮಾಡಲಾಗುವುದೆಂದು ಅದರಡಿಯಲ್ಲೇ ಬರೆದಿದ್ದೀರಿ. ಇನ್ನುಳಿದಿರುವುದು ಹನ್ನೊಂದು ದಿನ. ತಮಗೊಬ್ಬರಿಗೇ ಬರೆದ ನಾಲ್ಕು ಪತ್ರಗಳಿಗೆ ಇದೊಂದೇ ಉತ್ತರ ಬಂದದ್ದರಿಂದ, ಐದನೆಯದನ್ನು ಊರಿಗೆಲ್ಲ ಕೇಳುವಂತೆ ಬರೆಯುತ್ತಿದ್ದೇನೆ.

ಗೊಣಗಣ್ಣನನ್ನು ಹೊಲಿದವಳು ನಾನು. ಅಪ್ಪನ ಹಳೆಯ ಬೂದು ಕೋಟಿನ ತೋಳು ಕತ್ತರಿಸಿ, ಅಕ್ಕನ ಮಗಳಿಗೆಂದು ಮಾಡಿಕೊಟ್ಟ ಕೈಗೊಂಬೆ. ಒಂದು ಕಿವಿಗೆ ತಂತಿ ಹಾಕಿದೆ, ಇನ್ನೊಂದಕ್ಕೆ ಸಾಲಲಿಲ್ಲ. ಆ ಜೋಲು ಕಿವಿ ಆಮೇಲೆ ಮನೆಮನೆಯ ಮಕ್ಕಳಿಗೂ ಪರಿಚಯವಾಯಿತು. ಅಕ್ಕ ತಮ್ಮ ಕೇಂದ್ರದಲ್ಲಿ ಟೈಪಿಸ್ಟ್ ಆಗಿದ್ದಳು. ಒಂದು ಶನಿವಾರ ಮಧ್ಯಾಹ್ನ ಮಕ್ಕಳಿಗೆ ವಿಜ್ಞಾನ ಹೇಳಲು ಬಂದ ಪ್ರೊಫೆಸರರು ಕ್ಯಾಮೆರಾದ ಕೆಂಪು ದೀಪ ಕಂಡದ್ದೇ ತಡ, ಬಾಯಿಗೆ ಬೀಗ ಬಿದ್ದವರಂತೆ ಕೂತುಬಿಟ್ಟರು. ನೇರ ಪ್ರಸಾರ. ಟೈಪು ಮಾಡಿದ ಹಾಳೆ ಹಿಡಿದು ಮೇಜಿನ ಮರೆಯಲ್ಲಿ ಕೂತಿದ್ದ ಅಕ್ಕನ ಚೀಲದಲ್ಲಿ, ಕಿತ್ತ ಬಾಲವನ್ನು ನನ್ನಿಂದ ಹೊಲಿಸಲೆಂದು ತಂದಿದ್ದ ಕತ್ತೆ ಇತ್ತು. ಅದು ಮೇಜಿನ ಅಂಚಿನಲ್ಲಿ ತಲೆಯೆತ್ತಿ, "ಏನ್ ಮೇಷ್ಟ್ರೇ, ಉತ್ತರ ನಿಮಗೂ ಗೊತ್ತಿಲ್ವಾ? ಹಾಗಾದ್ರೆ ನಾನೂ ನೀವೂ ಒಂದೇ ಕ್ಲಾಸು ಬಿಡಿ" ಎಂದು ಗೊಣಗಿತು. ಪ್ರೊಫೆಸರರು ನಕ್ಕರು, ಬಾಯಿ ಬಿಟ್ಟರು. ಮುಂದಿನ ಶನಿವಾರದಿಂದ ಹತ್ತೊಂಬತ್ತು ವರ್ಷ ಕತ್ತೆಯೇ ನಿರೂಪಕನಾಗಿತ್ತು.

ತಪ್ಪು ನಮ್ಮದೂ ಇದೆ, ಒಪ್ಪಿಕೊಳ್ಳುತ್ತೇನೆ. ನಿರ್ಮಾಪಕರದು ಒಂದು ಕಟ್ಟುನಿಟ್ಟು: ಗೊಂಬೆ ಕೈಗೇರಿತೆಂದರೆ ಸ್ಟುಡಿಯೋದಲ್ಲಿ ಯಾರೂ ಅಕ್ಕನೊಡನೆ ಮಾತಾಡುವಂತಿಲ್ಲ. ಏನಿದ್ದರೂ ಕತ್ತೆಯ ಮುಖ ನೋಡಿ ಹೇಳಬೇಕು. "ಗೊಣಗಣ್ಣಾ, ಸ್ವಲ್ಪ ಎಡಕ್ಕೆ ಬಾರಪ್ಪ" ಎಂದು ಕ್ಯಾಮೆರಾದವರು ಕರೆಯುತ್ತಿದ್ದರು. ನಾವೇ ನಂಬದಿದ್ದರೆ ಮಕ್ಕಳು ಹೇಗೆ ನಂಬುತ್ತಾರೆ ಎಂಬುದು ನಿರ್ಮಾಪಕರ ವಾದ. ಅದೇ ಹುಮ್ಮಸ್ಸಿನಲ್ಲಿ ಅವರು ರಿಜಿಸ್ಟರಿನ ನಿರೂಪಕರ ಕಾಲಮಿನಲ್ಲಿ 'ಶ್ರೀ ಗೊಣಗಣ್ಣ' ಎಂದು ಬರೆದರು. ಬಾಲ ರಿಪೇರಿಗೆಂದು ಹೋಗಿದ್ದ ನಾನೂ ಅಲ್ಲೇ ಇದ್ದೆ. ಎಲ್ಲರಿಗಿಂತ ಜೋರಾಗಿ ನಕ್ಕವಳು ಅಕ್ಕನೇ. ಆಮೇಲೆ ವಾರವಾರವೂ ಹಾಗೆಯೇ ಬರೆದರು. ಅವಳ ಹೆಸರನ್ನೂ ಪಕ್ಕದಲ್ಲಿ ಸೇರಿಸಬೇಕೆಂದು ಯಾರಿಗೂ ಹೊಳೆಯಲಿಲ್ಲ, ಅವಳಿಗಂತೂ ಇಲ್ಲವೇ ಇಲ್ಲ. ಆ ನಿರ್ಮಾಪಕರೂ ಈಗ ಇಲ್ಲ.

ತಮ್ಮ ಕಟ್ಟಡದ ಬಾಗಿಲಲ್ಲಿ ಈ ಕಾರ್ಯಕ್ರಮದ ಚರಿತ್ರೆ ಬರೆದ ಫಲಕವಿದೆ. 'ನಮ್ಮ ಅಮೂಲ್ಯ ಪರಂಪರೆ' ಎಂದು ಅದರ ತಲೆಬರಹ. ಶನಿವಾರ ಈ ಅಮೂಲ್ಯ ಪರಂಪರೆ ತುಂಬಿಕೊಂಡ ಟೇಪಿನ ಮೇಲೆಯೇ ಸೋಮವಾರ ಹವಾಮಾನ ವರದಿ ತುಂಬುತ್ತಿದ್ದರೆಂಬುದನ್ನು ಫಲಕದಲ್ಲಿ ಬರೆಯಲು ಜಾಗ ಸಾಲಲಿಲ್ಲವೇನೋ. ಒಂಬೈನೂರಕ್ಕೂ ಹೆಚ್ಚು ಶನಿವಾರಗಳಲ್ಲಿ ಉಳಿದದ್ದು ಒಂದು. ಅದೂ ಯಂತ್ರಕ್ಕೆ ಸಿಕ್ಕಿ ಸುಕ್ಕಾಗಿ, ಮತ್ತೆ ಬಳಸಲು ಬಾರದೆ ಹೋದದ್ದಕ್ಕೆ. ಚೆನ್ನಾಗಿದ್ದದ್ದನ್ನೆಲ್ಲ ಅಳಿಸಿ, ಕೆಟ್ಟುಹೋದದ್ದನ್ನು ಕಾಪಾಡಿದ ಇಲಾಖೆಗೆ ನಾನು ಕೃತಜ್ಞಳಾಗಿರಬೇಕೇ? ಆಗಿದ್ದೇನೆ, ಸ್ವಾಮಿ. ಬೇರೆ ದಾರಿ ಏನಿದೆ?

ಆರು ವರ್ಷದ ಹಿಂದೆ ಅಕ್ಕನ ಗಂಟಲಿಗೆ ಶಸ್ತ್ರಚಿಕಿತ್ಸೆಯಾಯಿತು. ಧ್ವನಿಪೆಟ್ಟಿಗೆ ತೆಗೆದರು. ಈಗ ಸ್ಲೇಟಿನ ಮೇಲೆ ಬರೆದು ಮಾತಾಡುತ್ತಾಳೆ. ಮಾತು ರೆಕಾರ್ಡ್ ಮಾಡಲೆಂದು ಯಾರಾದರೂ ಫೋನು ಹಿಡಿದರೆ, ಮೇಜಿನ ಮರೆಯ ಹಳೆಯ ಅಭ್ಯಾಸವೋ ಏನೋ, ಮೊದಲಿನಿಂದಲೂ ಬಾಯಿ ಮುಚ್ಚಿಕೊಂಡು ಬಾಗಿಲ ಹಿಂದೆ ಸರಿಯುತ್ತಿದ್ದವಳು. ಹಾಗಾಗಿ ಮನೆಯಲ್ಲಿ ಅವಳ ದನಿಯ ಒಂದು ತುಣುಕೂ ಇಲ್ಲ. ಅವಳ ಮೊಮ್ಮಗಳಿಗೆ ನಾಲ್ಕು ವರ್ಷ. ಕೆಲವು ತಿಂಗಳ ಹಿಂದೆ ನನ್ನ ಸೆರಗು ಎಳೆದು, "ಚಿಕ್ಕಜ್ಜಿ, ಅಜ್ಜಿ ತನ್ನ ಮಾತನ್ನ ಎಲ್ಲಿಟ್ಟಿದಾಳೆ?" ಎಂದು ಕೇಳಿದಳು. ಟಿವಿ ಆಫೀಸಿನ ಕಪಾಟಿನಲ್ಲಿದೆ ಎಂದೆ. ಅಕ್ಕ ಸ್ಲೇಟು ತೆಗೆದುಕೊಂಡು, "ತಂದು ಕೇಳಿಸು" ಎಂದು ಬರೆದಳು. ಆರು ವರ್ಷದಲ್ಲಿ ಅವಳು ತನಗಾಗಿ ಕೇಳಿದ್ದು ಇದೊಂದೇ.

ತಮ್ಮ ಉತ್ತರ ಕೈಸೇರಿದ ಮೇಲೆ ಅದನ್ನು ಹಿಡಿದು ಇಬ್ಬರೂ ತಮ್ಮ ಕಚೇರಿಗೆ ಬಂದೆವು. ಕಿಟಕಿಯ ಆಚೆ ಕೂತಿದ್ದ ಗುಮಾಸ್ತರು ಕಡತ ತಿರುವಿ ತಲೆ ಕೆರೆದುಕೊಂಡರು. "ನೋಡಿ ಅಮ್ಮಾ, ಅದು ಕತ್ತೆ ಅಂತ ನನಗೂ ಗೊತ್ತು. ಚಿಕ್ಕೋನಿದ್ದಾಗ ಶನಿವಾರ ಊಟ ಬಿಟ್ಟು ನೋಡ್ತಿದ್ದೆ. ಆದ್ರೆ ಕಡತಕ್ಕೆ ಗೊತ್ತಿಲ್ವಲ್ಲ, ಏನ್ ಮಾಡ್ಲಿ?"

"ಮಾತಾಡಿದ್ದೆಲ್ಲ ಇವಳೇ ಸ್ವಾಮಿ. ಬೇಕಾದ್ರೆ..." ಎಂದವಳು ಅಲ್ಲಿಗೇ ನಿಂತೆ. ಬೇಕಾದರೆ ಅವಳ ಬಾಯಲ್ಲೇ ಕೇಳಿ ಎನ್ನಲು ಹೊರಟಿದ್ದೆ.

ಅಕ್ಕ ಸ್ಲೇಟಿನಲ್ಲಿ "ನಾನೇ" ಎಂದು ಬರೆದು ಕಿಟಕಿಗೆ ಹಿಡಿದಳು. ಗುಮಾಸ್ತರು ಅದನ್ನೋದಿ ಕಡತ ಮುಚ್ಚಿದರು. "ಸ್ಲೇಟು ಕಡತಕ್ಕೆ ಸೇರ್ಸಕ್ಕಾಗಲ್ಲ ಅಮ್ಮಾ" ಎಂದು ಮುಖ ತಿರುಗಿಸಿಕೊಂಡರು. ಅವರ ಮೇಲೆ ಸಿಟ್ಟು ಮಾಡಿಕೊಳ್ಳಲೂ ನನ್ನ ಕೈಲಾಗಲಿಲ್ಲ.

ಹೊರಗೆ ಬರುವಾಗ ಫಲಕದ ಕೆಳಗೆ ಗಾಜಿನ ಪೆಟ್ಟಿಗೆಯಲ್ಲಿ ಗೊಣಗಣ್ಣ ಸಿಕ್ಕಿದ. ಹೊಟ್ಟೆಯೊಳಗೆ ಮರದ ಕೋಲು. ಜೋಲು ಕಿವಿಗೂ ಯಾರೋ ತಂತಿ ತುರುಕಿ ನೆಟ್ಟಗೆ ನಿಲ್ಲಿಸಿದ್ದಾರೆ. ಅಕ್ಕ ಗಾಜಿನ ಮೇಲೆ ಅಂಗೈ ಇಟ್ಟಳು. "ಮುಟ್ಟಬೇಡಿ" ಎಂದ ಕಾವಲಿನವನು. ನಾವು ಮನೆಗೆ ಬಂದೆವು.

ಈಗ ನನ್ನ ಬೇಡಿಕೆ. ನಿಯಮ ಮುರಿಯಿರೆಂದು ಕೇಳುವ ಧೈರ್ಯ ನನಗಿಲ್ಲ, ನಿಯಮ ಪಾಲಿಸಿ. ನಿರೂಪಕರು ನಿಧನರಾಗಿಲ್ಲ, ತಮ್ಮ ವಶದಲ್ಲೇ ಇದ್ದಾರೆ. ಈ ಹನ್ನೊಂದು ದಿನಗಳಲ್ಲಿ ಒಂದು ದಿನ ಆ ಪೆಟ್ಟಿಗೆ ತೆರೆಸಿ, ಕೋಲು ತೆಗೆಸಿ. ಅಕ್ಕ ಕೈ ಹಾಕುತ್ತಾಳೆ. ಕಾರ್ಯಕ್ರಮದಲ್ಲಿ ವಾರವಾರವೂ ಕರಿಹಲಗೆಯ ಮೇಲೆ ಮಕ್ಕಳಿಗೆ ಅಕ್ಷರ ಬರೆದು ತೋರಿಸಿದವನು ಅವನು, ಸಹಿ ಮಾಡಬಲ್ಲ. ತಮಗೆ ಸಂಶಯವಿದ್ದರೆ ಅವನ ಮುಖ ನೋಡಿಯೇ ಕೇಳಿ: "ಗೊಣಗಣ್ಣಾ, ಈ ಟೇಪು ನಿನ್ನದೇನಪ್ಪ?" ಅವನು ತಲೆಯಾಡಿಸುತ್ತಾನೆ, ಬಾಯಿಯನ್ನೂ ತೆರೆಯುತ್ತಾನೆ. ದನಿ ಬರಲಿಲ್ಲವೆಂದು ಮಾತ್ರ ಅರ್ಜಿ ತಳ್ಳಿಹಾಕಬೇಡಿ. ಅದು ತಮ್ಮ ಕಪಾಟಿನಲ್ಲಿದೆ.

ಇಂತಿ,
ತಮ್ಮ ಕಡತಕ್ಕೆ ಕಾಣದವಳ ತಂಗಿ,
ಕತ್ತೆಯ ದರ್ಜಿ