ಕಪ್ಪು ನೊರೆಗಾಜು

ಮಾರ್ಚ್ ೩, ಬೆಳಿಗ್ಗೆ

ಭಟ್ಟಿ ಇನ್ನೂ ಬಿಸಿ. ಮುಟ್ಟಿಲ್ಲ. ಅವಸರಪಟ್ಟು ಬಾಗಿಲು ತೆಗೆದರೆ ಒಳಗಿನ ಗಾಜಿನ ಹಲಗೆಗಳು ಬಿರುಕು ಬಿಡುತ್ತವೆ. ಗೊತ್ತಿದ್ದೂ ಎಷ್ಟೋ ಸಲ ತೆಗೆದವಳು ನಾನು. ಕಾಯುವುದು ನನ್ನ ಹಣೆಯಲ್ಲಿ ಬರೆದಿಲ್ಲ.

ಹಳೇ ಬಾಟಲಿ ಒಡೆದು ಮಿಲ್ಲಿಗೆ ಹಾಕಿದೆ. ಹಿಟ್ಟಿನಷ್ಟು ನುಣ್ಣಗಾಗಬೇಕು. ಸೀಮೆಸುಣ್ಣದ ಪುಡಿ ಬೆರೆಸಿ, ಅಚ್ಚಿಗೆ ತುಂಬಿ ಸುಟ್ಟರೆ ಗಾಜು ಕರಗಿ, ಒಳಗೆ ಗುಳ್ಳೆ ಎದ್ದು, ಬ್ರೆಡ್ಡಿನಂತೆ ಉಬ್ಬುತ್ತದೆ. ನೊರೆಗಾಜು. ರಸ್ಕಿನಷ್ಟು ಹಗುರ, ಗರಗಸದಲ್ಲಿ ಕುಯ್ಯಬಹುದು. ಗೋಡೆಗೆ, ನೆಲದಡಿಗೆ ಹಾಕಿದರೆ ಬಿಸಿಲು ಚಳಿ ತಡೆಯುತ್ತದೆ.

ಪುಟ್ಟಿ ಇವತ್ತೂ ನಾಲ್ಕು ತುತ್ತಿಗೇ ತಟ್ಟೆ ಬಿಟ್ಟು ಎದ್ದಳು. ನನ್ನ ತಂಗಿ. ಅರವತ್ತು ದಾಟಿದರೂ ನನಗೆ ಪುಟ್ಟಿಯೇ. ಈಚೆಗೆ ಬಂದ ಜ್ವರ ಬಿಟ್ಟ ಮೇಲೆ ವಾಸನೆಯೇ ಗೊತ್ತಾಗುತ್ತಿಲ್ಲ ಅವಳಿಗೆ. ವಾಸನೆ ಇಲ್ಲದ ಮೇಲೆ ರುಚಿ ಎಲ್ಲಿಂದ ಬರಬೇಕು? ಏನು ತಿಂದರೂ ಕಾಗದ ಅಗಿದ ಹಾಗೆ ಅನ್ನುತ್ತಾಳೆ. ಬೈದೆ. ಬೈದು ಏನು ಬಂತು...

ಮಾರ್ಚ್ ೬

ಡಾಕ್ಟರು ಮೂಗಿಗೆ ಟಾರ್ಚು ಬಿಟ್ಟು ನೋಡಿದರು. ಬರಬಹುದು, ಬಾರದೆಯೂ ಇರಬಹುದು ಅಂದರು. ಇದನ್ನು ನಾನೂ ಹೇಳುತ್ತಿದ್ದೆ ಅಂದುಬಿಟ್ಟೆ. ಪುಟ್ಟಿ ಮೇಜಿನಡಿ ನನ್ನ ಕಾಲು ತುಳಿದಳು. ತೂಕ ಇನ್ನೂ ಇಳಿದರೆ ಆಸ್ಪತ್ರೆಗೆ ಸೇರಿಸಿ ಟ್ಯೂಬು ಹಾಕಬೇಕಂತೆ. ಅವಳ ವಾಚು ಮಣಿಕಟ್ಟು ಬಿಟ್ಟು ಮೊಣಕೈವರೆಗೆ ಜಾರುತ್ತದೆ. ನೋಡಲಾಗುವುದಿಲ್ಲ.

ಬಸ್ಸಿನಲ್ಲಿ ನನ್ನ ಕಡೆ ವಾಲಿ ಹೇಳಿದಳು — "ನಿನ್ನ ಮೂಗಿನ ತುದೀಲಿ ಕೋಪನಾದ್ರೂ ಇದೆ ಅಕ್ಕ. ನನ್ನ ಮೂಗಲ್ಲಿ ಅದೂ ಇಲ್ಲ."

ನಗು ಬಂತು. ತೋರಿಸಿಕೊಳ್ಳಲಿಲ್ಲ.

ಮಾರ್ಚ್ ೧೧

ಮೇಸ್ತ್ರಿ ಹಲಗೆ ವಾಪಸು ತಂದ. ಬಚ್ಚಲಿನ ನೆಲದಡಿ ಹಾಕಲು ಕೊಟ್ಟದ್ದು. ಬಕೆಟ್ಟಿನಲ್ಲಿ ಅದ್ದಿ ಎತ್ತಿ ನನ್ನ ಮುಂದೆ ಹಿಡಿದ.

"ಅಮ್ಮಾ, ಇದು ಗಾಜಲ್ಲ, ಸ್ಪಂಜು."

ಬೈಯಲು ಬಾಯಿ ತೆರೆದೆ. ಹಲಗೆ ಕೈಗೆ ಬಂತು. ಕಲ್ಲಿನ ಭಾರ. ಸೀಮೆಸುಣ್ಣ ಬೆರೆಸಿದರೆ ಗುಳ್ಳೆಗಳು ಒಂದರೊಳಗೊಂದು ತೆರೆದುಕೊಳ್ಳುತ್ತವೆ, ನೀರು ಕುಡಿಯುತ್ತವೆ. ಗೋಡೆಗಾದರೆ ಸರಿ, ಬಚ್ಚಲಿಗೆ ಆಗದು. ನೀರು ಹೋಗದ ಗುಳ್ಳೆ ಬೇಕೆಂದರೆ ಹೊಗೆಮಸಿ ಬೆರೆಸು ಅಂತ ನನಗೆ ಕೆಲಸ ಕಲಿಸಿದ ಮುದುಕ ಹೇಳುತ್ತಿದ್ದ. ಒಮ್ಮೆಯೂ ಮಾಡಿಲ್ಲ. ಮಾಡಿ ಕೊಡುತ್ತೇನೆ ಹೋಗು ಅಂದೆ.

ಮಾರ್ಚ್ ೧೪

ಬಾಟಲಿ ರಾಶಿಯಲ್ಲಿ ಒಂದು ಸೆಂಟಿನ ಶೀಶೆ. ತಳದಲ್ಲಿ ಒಂದು ಹನಿ ಉಳಿದಿತ್ತು. ಒಡೆಯಲಿಲ್ಲ. ಒಳಗೆ ಹೋಗಿ ಪುಟ್ಟಿಯ ಮೂಗಿಗೆ ಹಿಡಿದೆ. ತುಂಬ ಹೊತ್ತು ಉಸಿರೆಳೆದಳು.

"ಗಾಜು ತಣ್ಣಗಿದೆ" ಅಂದಳು. ಅಷ್ಟೇ.

ಮಾರ್ಚ್ ೧೯

ಮಸಿ ಬೆರೆಸಿ ಸುಟ್ಟೆ, ಈ ಸಲ ಕಾದೆ. ಬಾಗಿಲು ತೆಗೆದರೆ ಹಲಗೆಗಳು ಇದ್ದಿಲಿನಷ್ಟು ಕಪ್ಪು. ಒಂದೂ ಬಿರುಕಿಲ್ಲ. ಒಂದನ್ನು ಬಕೆಟ್ಟಿಗೆ ಹಾಕಿದೆ, ತೇಲಿತು. ಎಷ್ಟು ಹೊತ್ತು ಬಿಟ್ಟರೂ ಅದೇ ತೂಕ.

ಅಳತೆಗೆ ಕುಯ್ಯೋಣ ಅಂತ ಗರಗಸ ಇಟ್ಟೆ. ಥೂ! ಕೊಳೆತ ಮೊಟ್ಟೆಯ ನಾತ. ಒಂದೊಂದು ಗುಳ್ಳೆ ಒಡೆದಾಗಲೂ ಒಳಗೆ ಸಿಕ್ಕಿಕೊಂಡ ಗಾಳಿ ಹೊರಗೆ. ಇದನ್ನು ಆ ಮುದುಕ ಹೇಳಿಯೇ ಇರಲಿಲ್ಲ. ಮೂಗಿಗೆ ಬಟ್ಟೆ ಕಟ್ಟಿಕೊಂಡು, ಅವನ ಏಳು ತಲೆಮಾರಿಗೂ ಬೈಯುತ್ತ ಕುಯ್ಯುತ್ತಿದ್ದೆ.

ಪುಟ್ಟಿ ಬಂದು ಶೆಡ್ಡಿನ ಬಾಗಿಲಲ್ಲಿ ನಿಂತಳು.

"ಏನೋ ಕೊಳೆತಿದೆ ಕಣೆ ಅಕ್ಕ ಇಲ್ಲಿ."

ಏನೂ ಆಗದವಳ ಹಾಗೆ ಹೇಳಿದಳು. ಹೇಳಿದ ಮೇಲೆ ಅವಳಿಗೇ ಗೊತ್ತಾಯಿತು. ಚೌಕಟ್ಟು ಹಿಡಿದುಕೊಂಡಳು. ನನ್ನ ಗರಗಸ ನಿಂತಿತು.

"ನಿಲ್ಲಿಸಬೇಡ" ಅಂದಳು.

ಕುಯ್ದೆ. ಅಳತೆ ಗಿಳತೆ ಎಲ್ಲ ಬಿಟ್ಟು ಕುಯ್ದೆ. ಸ್ಟೂಲು ಎಳೆದುಕೊಂಡು ಕೂತಳು. ಕಣ್ಣು ಮುಚ್ಚಿ, ಎದುರಿಗೆ ಹೂವಿನ ಬುಟ್ಟಿ ಇಟ್ಟ ಹಾಗೆ ಎಳೆದುಕೊಳ್ಳುತ್ತಿದ್ದಳು ಆ ನಾತವನ್ನು. ಕೆನ್ನೆ ಒದ್ದೆ. ಒಂದು ಹಲಗೆ ಪೂರ್ತಿ ಚೂರುಚೂರು.

ಮಾರ್ಚ್ ೨೩

ಡಾಕ್ಟರಿಗೆ ಫೋನು ಮಾಡಿದೆ. ಒಂದು ವಾಸನೆ ಬಂದಿದ್ದರೆ ಉಳಿದವೂ ಬರಬಹುದು, ಮೂಗಿಗೆ ದಿನಾ ಅಭ್ಯಾಸ ಮಾಡಿಸಿ, ಆದರೆ ಆ ಹಲಗೆಯದು ಕೆಟ್ಟ ಗಾಳಿ, ಸಾಕುಮಾಡಿ ಅಂದರು. ಅಭ್ಯಾಸ ಶುರು — ಕಾಫಿಪುಡಿ, ಸೋಪು, ಏಲಕ್ಕಿ. ಯಾವುದರ ವಾಸನೆಯೂ ಇಲ್ಲ. ಊಟ ಇನ್ನೂ ನಾಲ್ಕೇ ತುತ್ತು. ನಾತ ಮಾತ್ರ ತಿಳಿಯುವ ಮೂಗು ಕೊಟ್ಟು ಏನು ಮಾಡಲಿ ಅನ್ನುತ್ತಾಳೆ. ಬೈಯಲಿಲ್ಲ. ಅವಳ ತಲೆ ಬಾಚಿದೆ.

ಮೇಸ್ತ್ರಿ ಫೋನು. ಒಂದು ಹಲಗೆ ಕಡಿಮೆ ಯಾಕೆ ಅಂತ. ಔಷಧಿಗೆ ಖರ್ಚಾಯಿತು ಅಂದೆ. ಏನು ತಿಳಿದುಕೊಂಡನೋ, ಮತ್ತೆ ಕೇಳಲಿಲ್ಲ.

ಏಪ್ರಿಲ್ ೯, ಮಧ್ಯಾಹ್ನ

ಬರೆಯಲು ಮನಸ್ಸಿರಲಿಲ್ಲ ಇಷ್ಟು ದಿನ. ಎರಡನೇ ಸಲದ ಕಪ್ಪು ಹಲಗೆ ಬೆಳಿಗ್ಗೆ ಕುಯ್ದು ಮುಗಿಸಿದೆ. ಅಡುಗೆಮನೆಯಲ್ಲಿ ನಿಂಬೆಹಣ್ಣು ಹೆಚ್ಚುತ್ತಿದ್ದ ಪುಟ್ಟಿ ಚಾಕು ಹಿಡಿದೇ ಓಡಿ ಬಂದಳು. ಬಿದ್ದೀಯೆ ಅಂತ ಗದರಿದೆ. ಅರ್ಧ ನಿಂಬೆಹಣ್ಣು ನನ್ನ ಮೂಗಿಗೇ ಒತ್ತಿದಳು.

"ಇದು ನಾರ್ತಿಲ್ಲ ಅಕ್ಕ. ಇದು ಬೇರೆ."

ಹೌದು ಕಣೆ, ಬೇರೆ ಅಂದೆ. ಬಂದು ಇಲ್ಲಿ ಬರೆಯುತ್ತ ಕೂತಿದ್ದೇನೆ.

ಕೂಗುತ್ತಿದ್ದಾಳೆ. ನನ್ನ ಕೈ ನಾರುತ್ತದಂತೆ, ಸೋಪು ಹಾಕಿ ತೊಳೆದು ಊಟಕ್ಕೆ ಬರಬೇಕಂತೆ. ಹಸಿವಂತೆ ಅವಳಿಗೆ. ತಡಮಾಡಿದರೆ ನನ್ನ ಪಾಲನ್ನೂ ತಿಂದುಬಿಡುತ್ತಾಳಂತೆ. ತಿನ್ನಲಿ. ಈ ಸಾಲು ಮುಗಿಸಿ—