ಕೆಂಚಕ್ಕನಿಗೆ ಬಂದ ಟ್ರಂಕ್ ಕಾಲ್‌ಗಳು

ಮಾನ್ಯ ದೂರವಾಣಿ ಅಧಿಕಾರಿಗಳೇ,

ಹೊಲಿಗೆ ಯಂತ್ರ ಮಾರುವ ಕಂಪನಿಗೆ ನಮ್ಮೂರ ಮನೆಗಳ ಒಲೆ ಆರಿಸುವ ಅಧಿಕಾರವನ್ನು ತಾವು ಯಾವ ನಿಯಮದಡಿ ದಯಪಾಲಿಸಿದ್ದೀರಿ? ಹರಿಯಬ್ಬೆ ಕಡೆಯ ನಮ್ಮ ಹಳ್ಳಿಗಿರುವ ಒಂದೇ ಸಾರ್ವಜನಿಕ ಫೋನು ನನ್ನ ಅಂಗಡಿಯಲ್ಲಿದೆ. ಇಂಥವರನ್ನೇ ಕರೆಸಿ ಎಂದು ಎಕ್ಸ್‌ಚೇಂಜಿನವರು ಹೇಳಿದರೆ, ಹೊಲಕ್ಕೋ ಹಟ್ಟಿಗೋ ಹೋಗಿ ಕರೆತರುವವನೂ ನಾನೇ. ನಮ್ಮಲ್ಲಿ ಪರವೂರಿನಿಂದ ಟ್ರಂಕ್ ಕಾಲ್ ಬಂತೆಂದರೆ ಸಾವಿನ ಸುದ್ದಿ. ನಾನು ಹೊಸಿಲಲ್ಲಿ ನಿಂತರೆ ಯಾರೂ ಏನೂ ಕೇಳುವುದಿಲ್ಲ. ಒಲೆಗೆ ನೀರು ಸುರಿದು ಹೊರಡುತ್ತಾರೆ.

ಕುರಿ ಸಾಕುವ ಕೆಂಚಕ್ಕ ಕಳೆದ ವರ್ಷ ಚಿತ್ರದುರ್ಗದ ವಸ್ತುಪ್ರದರ್ಶನದಲ್ಲಿ, ಬಹುಮಾನದ ಆಸೆಗೆ, ಈ ಕಂಪನಿಯ ಮಳಿಗೆಯ ಚೀಟಿಯಲ್ಲಿ ಹೆಸರು ಬರೆಸಿ ಬಂದಿದ್ದಳು. ಜನವರಿಯಲ್ಲಿ ಅವಳಿಗೆ ಕರೆ ಬಂತು. ಅವಳ ಅಕ್ಕ ಹುಚ್ಚಕ್ಕ ಹೊಳಲ್ಕೆರೆಯಲ್ಲಿ ಕಾಯಿಲೆ ಬಿದ್ದು ಮಲಗಿದ್ದಳು. ಕೆಂಚಕ್ಕ ಒಲೆ ಆರಿಸಿ, ಎದೆ ಬಡಿದುಕೊಳ್ಳುತ್ತ ಓಡಿ ಬಂದಳು. ಹಿಂದೆ ಅರ್ಧ ಊರು. ಅತ್ತಲಿದ್ದ ಮಹಾಶಯ, ಕಾಲಲ್ಲಿ ತುಳಿಯುವ ಯಂತ್ರ ಬೇಕೋ ಕೈಯಲ್ಲಿ ತಿರುಗಿಸುವುದೋ ಎಂದು ವಿಚಾರಿಸಿದ. ವಾರದೊಳಗೆ ಮತ್ತೆ ಅವನೇ.

ತಮ್ಮ ಕಚೇರಿಗೆ ಬರೆದೆ. ಫೋನಿನಲ್ಲಿ ಬೈದರೆ ಸಂಪರ್ಕ ಕಡಿಯಬಹುದು, ವ್ಯಾಪಾರ ಮಾತಾಡಿದರೆ ತಡೆಯಲು ನಿಯಮವಿಲ್ಲ ಎಂದು ಉತ್ತರ ಬಂತು. ಬದುಕಿರುವವರಿಗಾಗಿ ಒಬ್ಬಳನ್ನು ಎರಡು ಸಲ ಅಳಿಸುವುದು ಬೈಗುಳಕ್ಕಿಂತ ಸಭ್ಯವೇ, ಸ್ವಾಮಿ?

ಮಾರ್ಚಿನಲ್ಲಿ ಮೂರನೆಯ ಕರೆ. ಕೆಂಚಕ್ಕ ಒಲೆಯ ಮುಂದಿನಿಂದ ಏಳಲಿಲ್ಲ.

"ಮಿಷನ್ನು ಬ್ಯಾಡ ಅಂತ ಹೇಳ್ರಿ ಯತ್ತಣ್ಣ, ಎಸರು ಕುದೀತಾ ಐತೆ."

ನಾನೂ ನಕ್ಕೆ. ಅವಳು ಬರುವುದಿಲ್ಲವೆಂದು ಎಕ್ಸ್‌ಚೇಂಜಿಗೆ ಹೇಳಿ ಫೋನು ಇಟ್ಟೆ. ಆ ಕರೆ ಮಾಡಿಸಿದವನು ಹುಚ್ಚಕ್ಕನ ಮಗ. ತಂಗಿಯ ಮುಖ ನೋಡಬೇಕೆಂದು ತಾಯಿ ಹಂಬಲಿಸುತ್ತಿದ್ದಾಳೆ ಎಂದು ತಿಳಿಸಲು ಕರೆದಿದ್ದ. ಅವನ ಕಾಗದ ನಮಗೆ ತಲುಪುವಾಗ ಹುಚ್ಚಕ್ಕನನ್ನು ಮಣ್ಣು ಮಾಡಿ ಮೂರು ದಿನವಾಗಿತ್ತು. ಕೆಂಚಕ್ಕ ನನ್ನನ್ನು ಬೈಯಲಿಲ್ಲ. ಬೈದಿದ್ದರೆ ನನಗೆ ಒಂದಿಷ್ಟು ಹಗುರವಾಗುತ್ತಿತ್ತು.

ಆದ್ದರಿಂದ ನಿಯಮ ಮಾಡಿ. ಕರೆ ಬುಕ್ ಮಾಡುವಾಗಲೇ ವ್ಯಾಪಾರವೋ ಮನೆಯ ಸುದ್ದಿಯೋ ಎಂದು ಕೇಳಿ ನನಗೆ ತಿಳಿಸಬೇಕು. ಬೇಡವೆಂದವರನ್ನು ಮತ್ತೆ ಕರೆದ ಕಂಪನಿಯ ಫೋನು ಕಡಿಯಬೇಕು. ಮೊನ್ನೆ ಕೆಂಚಕ್ಕನಿಗೆ ಇನ್ನೊಂದು ಕರೆ ಬಂತು. ಒಲೆ ಆರಿಸಿ ಓಡಿ ಬಂದಳು. ಯಂತ್ರದವರೇ. ನಿಯಮ ಆಗುವವರೆಗೆ, ಮುಂದಿನ ಕರೆಗೆ ಅವಳ ಹೊಸಿಲಲ್ಲಿ ತಾವೇ ಬಂದು ನಿಲ್ಲಿ.

ಇಂತಿ,
ಸುಳ್ಳು ಸಾವಿಗೆ ಓಡಿಸಿ, ನಿಜದ ಸಾವಿಗೆ ನಕ್ಕವನು,
ಯತ್ತಪ್ಪ